ಮೊದಲ ಬೈಕ್ ಯಾವಾಗ ಕೊಳ್ಳಬೇಕು? ‘ಎಲ್‌ಎಲ್ ಇದ್ದರೆ ಸಾಕು’ ಎಂಬ ಮಾತು ಎಷ್ಟು ನಿಜ?

ಹಬ್ಬದ ಸೀಸನ್ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಬೈಕ್ ಖರೀದಿಯ ಸಲಹೆಗಳೂ ಬರುತ್ತವೆ. ಡಿಸೆಂಬರ್‌ನಲ್ಲಿ ತಗೊಂಡರೆ ಅಗ್ಗ, ಜನವರಿಯಲ್ಲಿ ತಗೊಂಡರೆ ಮಾರುವಾಗ ಒಳ್ಳೆ ರೇಟು, ಎಲ್‌ಎಲ್ ಕೈಯಲ್ಲಿದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬ ಮಾತುಗಳು. ಇವುಗಳ ಜೊತೆಗೆ ನಮ್ಮ ಕಲಬುರಗಿ ಕಡೆಯ ಖಾಸಾ ಮಾತೊಂದಿದೆ: “ಮೊದ್ಲು ಗಾಡಿ ಮನಿಗಿ ಬರ್ಲಿ, ಕಲಿಯೋದು ತಾನೇ ಬರ್ತದ.” ಮೊದಲ ಎರಡರಲ್ಲಿ ಅಷ್ಟಿಷ್ಟು ಸತ್ಯವಿದೆ. ಉಳಿದ ಎರಡನ್ನು ನಂಬಿದರೆ ಪ್ರಾಣಕ್ಕೇ ಅಪಾಯ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಮನೆ, ಸುಮಾರು 35 ಕಿ.ಮೀ. ದೂರದ ಕಲಬುರಗಿಯಲ್ಲಿ ಕಾಲೇಜು ಅಥವಾ ಕೆಲಸ ಎಂದಿಟ್ಟುಕೊಳ್ಳಿ. ದಿನಕ್ಕೆ 70 ಕಿ.ಮೀ. ಓಡಾಟ. ಹುಮನಾಬಾದ್ ರಸ್ತೆಯಲ್ಲಿ ಲಾರಿ, ರಾತ್ರಿ ಬಸ್ಸು, ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಎಲ್ಲವೂ ಸಿಗುತ್ತವೆ. 18 ತುಂಬಿದ ವಾರವೇ ಎಲ್‌ಎಲ್ ಮಾಡಿಸಿ, ಮರುವಾರ ಗಾಡಿ ತಂದು, ಅದರ ಮರುದಿನ ಈ ರಸ್ತೆಗಿಳಿಯುವವರು ಕಡಿಮೆಯೇನಿಲ್ಲ.

ಎಲ್‌ಎಲ್ ಅಂದರೆ ಏನು?

ಅದು ಕಲಿಯಲು ಕೊಟ್ಟ ಅನುಮತಿ, ಒಬ್ಬರೇ ಓಡಿಸಲು ಕೊಟ್ಟ ಲೈಸೆನ್ಸ್ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮದ ಪ್ರಕಾರ, ಕಲಿಯುವವರ ಜೊತೆ ಲೈಸೆನ್ಸ್ ಇರುವ, ಕಲಿಸುವ ವ್ಯಕ್ತಿ ಇರಬೇಕು. ಗಾಡಿಗೆ ಕೆಂಪು ‘ಎಲ್’ ಫಲಕ ಹಾಕಬೇಕು. ಬೈಕಿನಲ್ಲಿ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಕಮಲಾಪುರದಿಂದ ಕಾಲೇಜಿಗೆ ಹೋದರೆ ನಿಯಮ ಮುರಿದಂತೆಯೇ.

ವಿಮೆಯ ವಿಷಯಕ್ಕೂ ಇದು ಬರುತ್ತದೆ. ಎಲ್‌ಎಲ್ ಇರುವವರು ಓಡಿಸಬಹುದು, ಆದರೆ ಇದೇ 3ನೇ ನಿಯಮ ಪಾಲಿಸಿರಬೇಕು ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಅದನ್ನು ಓದುವವರು ಕಡಿಮೆ. ಅಪಘಾತವಾದ ಮೇಲೆ ವಿಮೆ ಕಂಪನಿಯವರು ಮಾತ್ರ ತಪ್ಪದೆ ಓದುತ್ತಾರೆ.

ಎಲ್‌ಎಲ್ 6 ತಿಂಗಳು ನಡೆಯುತ್ತದೆ. ಅದು ಸಿಕ್ಕಿ 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಗೇರ್ ಇಲ್ಲದ ಸ್ಕೂಟರಿನ ಲೈಸೆನ್ಸ್ ಗೇರ್ ಬೈಕಿಗೆ ನಡೆಯುವುದಿಲ್ಲ. ಅರ್ಜಿ ಹಾಕುವಾಗಲೇ ಇದನ್ನು ನೋಡಿಕೊಳ್ಳಿ. ನಮ್ಮ ಲೆಕ್ಕದಲ್ಲಿ ಗಾಡಿ ಬುಕ್ ಮಾಡಲು ಸರಿಯಾದ ಹೊತ್ತು ಡಿಎಲ್ ಪರೀಕ್ಷೆ ಪಾಸಾದ ಮೇಲೆಯೇ. ಅಲ್ಲಿಯವರೆಗೆ ಅಣ್ಣನದೋ ಕಾಕಾನದೋ ಹಳೆಯ 100 ಸಿಸಿ ಗಾಡಿಯಲ್ಲಿ, ಅವರನ್ನೇ ಜೊತೆಗಿಟ್ಟುಕೊಂಡು ಕಲಿಯಿರಿ.

ಹೊಸ ಗಾಡಿಯಲ್ಲೇ ಕಲಿತರೆ ಏನಾಗುತ್ತದೆ?

ಅಮೆರಿಕದಲ್ಲಿ 1981ರಲ್ಲಿ ಪ್ರಕಟವಾದ ಹರ್ಟ್ ವರದಿ ಬೈಕ್ ಅಪಘಾತಗಳ ಅಧ್ಯಯನಗಳಲ್ಲಿ ಪ್ರಸಿದ್ಧ. ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಅಪಘಾತಗಳನ್ನು ತಂಡವೊಂದು ಸ್ಥಳಕ್ಕೇ ಹೋಗಿ ಪರಿಶೀಲಿಸಿತ್ತು. ಅಪಘಾತಕ್ಕೀಡಾದ ಸವಾರರಿಗೆ ಒಟ್ಟಾರೆ ಸುಮಾರು 3 ವರ್ಷ ಬೈಕ್ ಓಡಿಸಿದ ಅನುಭವವಿತ್ತು. ಆದರೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ನಿರ್ದಿಷ್ಟ ಗಾಡಿಯನ್ನು ಓಡಿಸಲು ಶುರುಮಾಡಿ 5 ತಿಂಗಳೂ ಆಗಿರಲಿಲ್ಲ. ಶೇ. 92ರಷ್ಟು ಜನ ತಾವಾಗಿಯೇ ಅಥವಾ ಮನೆಯವರು, ಗೆಳೆಯರಿಂದ ಕಲಿತವರು, ತರಬೇತಿ ಪಡೆದವರಲ್ಲ. ವರದಿ ಹಳೆಯದು, ದೇಶವೂ ಬೇರೆ. ಆದರೆ ಕಾರಣ ನಮ್ಮಲ್ಲೂ ಒಂದೇ.

ಕ್ಲಚ್ ಎಲ್ಲಿ ಹಿಡಿಯುತ್ತದೆ, ಮುಂದಿನ ಬ್ರೇಕ್ ಎಷ್ಟು ಒತ್ತಿದರೆ ಚಕ್ರ ಲಾಕ್ ಆಗುತ್ತದೆ, ತಿರುವಿನಲ್ಲಿ ಎಷ್ಟು ವಾಲುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಗಾಡಿ ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದು. ಹೊಸಬರು ಹೆದರಿ ಹಿಂದಿನದನ್ನಷ್ಟೇ ತುಳಿಯುತ್ತಾರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎಡಗೈ ಯಾವುದು, ಬಲಗಾಲು ಯಾವುದು ಎಂದು ಒಂದು ಸೆಕೆಂಡ್ ಯೋಚಿಸಿದರೂ ಒಂದೂವರೆ ಬಸ್ಸಿನಷ್ಟು ದೂರ ಹೋಗಿಬಿಟ್ಟಿರುತ್ತೀರಿ. ಗಾಡಿಯ ತೂಕವೂ ಮುಖ್ಯ. ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆ.ಜಿ. ಇದ್ದರೆ ಕ್ಲಾಸಿಕ್ 350 ಸುಮಾರು 195 ಕೆ.ಜಿ. ಇದೆ. ಜಗತ್ ವೃತ್ತದ ಟ್ರಾಫಿಕ್‌ನಲ್ಲಿ ಅದು ವಾಲಿದರೆ ಹೊಸಬರ ಕಾಲು ತಡೆಯುವುದಿಲ್ಲ.

ಪಾಸಾದರೆ ಬೈಕ್ ಎಂಬ ಮಾತು

ಪಿಯುಸಿ ಮುಗಿದಾಗ ಎಷ್ಟೋ ಮಕ್ಕಳಿಗೆ ಇನ್ನೂ 17. ಫಸ್ಟ್ ಕ್ಲಾಸ್ ಬಂದರೆ ಗಾಡಿ ಕೊಡಿಸುತ್ತೇವೆ ಎಂದು ಮಾತು ಕೊಟ್ಟಿರುವ ಅಪ್ಪ-ಅಮ್ಮ ಗಮನಿಸಿ. 16ಕ್ಕೇ ಓಡಿಸಬಹುದು ಎಂಬುದು 50 ಸಿಸಿ ಮೀರದ ಗಾಡಿಗೆ ಮಾತ್ರ ಅನ್ವಯ. ಈಗ ಅಂಗಡಿಯಲ್ಲಿ ಸಿಗುವ ಪೆಟ್ರೋಲ್ ಬೈಕುಗಳೆಲ್ಲ ಅದಕ್ಕಿಂತ ದೊಡ್ಡವು. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಹಾಗಾದರೆ ಡಿಸೆಂಬರ್, ಜನವರಿ ಲೆಕ್ಕ?

ವರ್ಷದ ಕೊನೆಗೆ ಶೋರೂಮಿನವರು ಹಳೆಯ ಸ್ಟಾಕ್ ಖಾಲಿ ಮಾಡಲು ರಿಯಾಯಿತಿ ಕೊಡುವುದು ನಿಜ. ಮಾರುವಾಗ ತಯಾರಿಕೆಯ ವರ್ಷ ನೋಡುವುದೂ ನಿಜ. ಆದರೆ ಜನವರಿಯಲ್ಲಿ ಕೊಂಡ ಗಾಡಿ ನವೆಂಬರ್‌ನಲ್ಲೇ ತಯಾರಾಗಿರಬಹುದು, ಆರ್‌ಸಿಯಲ್ಲಿ ತಿಂಗಳು ಸಹಿತ ಬರುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದು ಹಬ್ಬದ ಆಫರ್ ಅಲ್ಲ, ಹಬ್ಬ ಮುಗಿದರೆ ಹೋಗುವಂಥದ್ದೂ ಅಲ್ಲ.

ಬೆಲೆಗಿಂತ ಹವಾಮಾನ ನೋಡಿ ಎನ್ನುತ್ತೇವೆ ನಾವು. ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಸೇರಿ ಜಾರುತ್ತದೆ. ನಮ್ಮ ಭಾಗದಲ್ಲಿ ಟ್ರ್ಯಾಕ್ಟರ್ ಚಕ್ರಕ್ಕೆ ಅಂಟಿ ರಸ್ತೆಗೆ ಬೀಳುವ ಎರೆಮಣ್ಣು ಅದಕ್ಕಿಂತ ಕೆಟ್ಟದ್ದು. ಹೊಸ ಟೈರೂ ಮೊದಲಿಗೆ ನುಣುಪಾಗಿರುತ್ತದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಹೆಲ್ಮೆಟ್ ತೆಗೆದಿಡುವ ಆಸೆಯಾಗುತ್ತದೆ. ಹೆಲ್ಮೆಟ್ ಸಾವಿನ ಸಾಧ್ಯತೆಯನ್ನು ಶೇ. 42ರಷ್ಟು, ತಲೆಗೆ ಪೆಟ್ಟಾಗುವುದನ್ನು ಶೇ. 69ರಷ್ಟು ತಗ್ಗಿಸುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಲೆಕ್ಕ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನದವರು. ಹಾಗಾಗಿ ಆಗಸ್ಟ್‌ನಲ್ಲಿ ಎಲ್‌ಎಲ್, ಅಕ್ಟೋಬರ್ ಹೊತ್ತಿಗೆ ಡಿಎಲ್, ಮಳೆ ನಿಂತ ಮೇಲೆ ಗಾಡಿ ಎಂಬ ಕ್ರಮ ಇಲ್ಲಿಗೆ ಹೊಂದುತ್ತದೆ. ದೀಪಾವಳಿಗೆ ತರಬೇಕೆಂಬ ಮನೆಯವರ ಆಸೆಗೂ ಅಡ್ಡಿಯಿಲ್ಲ.

ಅಲ್ಲಿಯವರೆಗೆ ಬಸ್ಸಿದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಉಚಿತ, ವಿದ್ಯಾರ್ಥಿಗಳಿಗೆ ಪಾಸ್ ಇದೆ. ದಿನಕ್ಕೆ 70 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಿಸಿದರೆ, ಲೀಟರಿಗೆ 50 ಕಿ.ಮೀ. ಕೊಡುವ ಬೈಕಿಗೂ 35 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂ. ಹಿಡಿದರೂ 3,500 ರೂ. ಆಯಿತು. ಇಎಂಐ ಬೇರೆ.

ಗಾಡಿ ತರುವ ದಿನ ನಂಬರ್ ಆಗದೆ ಶೋರೂಮಿನಿಂದ ಹೊರಡಬೇಡಿ. ಐಎಸ್‌ಐ ಗುರುತಿನ ಹೆಲ್ಮೆಟ್ ಕೇಳಿ ಪಡೆಯಿರಿ, ಗಾಡಿಯ ಜೊತೆ ಕೊಡಬೇಕೆಂಬ ನಿಯಮವಿದೆ. ಕಲಬುರಗಿಯಿಂದ ಕಮಲಾಪುರದವರೆಗೆ ಅಣ್ಣನೋ ಕಾಕಾನೋ ಓಡಿಸಲಿ, ನೀವು ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತುಕೊಳ್ಳಿ. ಕತ್ತಲಾಗುವ ಮೊದಲೇ ಊರು ಸೇರಿ.