ಅಂಜಿದ ಅತಿಥಿ

ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಟ್ಟು, ಬೆಲ್ಲ-ನೀರಿನಿಂದ ಆದರಿಸುವುದು ನಮ್ಮ ನಾಡಿನ ಸಂಪ್ರದಾಯವಷ್ಟೆ. ಆದರೆ ಬಂದ ಅತಿಥಿಯು ನಮ್ಮ ಆದರಕ್ಕೇ ಬೆದರಿ ಮೂಲೆ ಸೇರಿದರೆ ಗೃಹಸ್ಥರು ಮಾಡತಕ್ಕದ್ದೇನು? ಕೆಲವು ವರ್ಷಗಳ ಹಿಂದೆ ಹಮ್ಮಿಗಿಯ ನಮ್ಮ ಮನೆಗೆ ಅಂಥದೊಂದು ಅತಿಥಿ ಬಂದಿತು. ಅದು ಮನುಷ್ಯನಲ್ಲ, ಒಂದು ನಾಯಿ.

ಬೀಗಲ್ ಎಂಬುದು ಇಂಗ್ಲೆಂಡಿನಲ್ಲಿ ಮೊಲದ ಬೇಟೆಗಾಗಿ ಬೆಳೆಸಿದ ತಳಿ. ಮೈಕಟ್ಟು ಚಿಕ್ಕದು, ಸ್ವಭಾವ ಸೌಮ್ಯ. ಈ ಸದ್ಗುಣವೇ ಅದಕ್ಕೆ ಮುಳುವಾಯಿತು. ಔಷಧಗಳ ಪರೀಕ್ಷೆ ನಡೆಸುವ ಪ್ರಯೋಗಶಾಲೆಗಳು ಇದನ್ನೇ ವಿಶೇಷವಾಗಿ ಆರಿಸಿಕೊಂಡವು. 2012ರಲ್ಲಿ ಬೆಂಗಳೂರಿನ ಪ್ರಯೋಗಶಾಲೆಗೆಂದು ಚೀನಾ ದೇಶದಿಂದ ತರಿಸಿದ 70 ಬೀಗಲ್ ನಾಯಿಗಳು ಚೆನ್ನೈಯಲ್ಲಿ ತಡೆಯಲ್ಪಟ್ಟು, ಅಲ್ಲಿಯ ಬ್ಲೂ ಕ್ರಾಸ್ ಸಂಸ್ಥೆಯ ಆಶ್ರಯ ಪಡೆದು, ಬಳಿಕ ಗೃಹಸ್ಥರ ಮನೆಗಳನ್ನು ಸೇರಿದವು. 2016ರಲ್ಲಿ ಬೆಂಗಳೂರಿನ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯು ಪ್ರಯೋಗಶಾಲೆಯಿಂದ ಬಿಡುಗಡೆ ಹೊಂದಿದ ನೂರಕ್ಕೂ ಮಿಕ್ಕಿದ ಬೀಗಲ್‌ಗಳಿಗೆ ಮನೆಗಳನ್ನು ಹುಡುಕಿಕೊಟ್ಟಿತು.

ಹೀಗೆಯೇ ಬಿಡುಗಡೆಯಾದ ನಾಯಿಯೊಂದನ್ನು ಬೆಂಗಳೂರಿನಲ್ಲಿದ್ದ ನಮ್ಮ ಸೋದರಿಯು ಸ್ವೀಕರಿಸಿ, ಸಂಸಾರಸಮೇತ ಊರಿಗೆ ಮರಳುವಾಗ ಜತೆಗೆ ಕರೆತಂದಳು. ಅದರ ಕಿವಿಯ ಒಳಬದಿಯಲ್ಲಿ ಹಚ್ಚೆಯಿಂದ ಬರೆದ ಒಂದು ಅಂಕೆಯಿತ್ತು, ಹೆಸರಿರಲಿಲ್ಲ. ಪಂಜರದಲ್ಲಿಯೇ ಬೆಳೆದ ಆ ಜೀವಕ್ಕೆ ಹುಲ್ಲು, ಮೆಟ್ಟಿಲು, ಮಳೆಹನಿ ಎಲ್ಲವೂ ಭಯದ ವಸ್ತುಗಳೇ ಆಗಿದ್ದವು. ಅಂಗಳದ ಮಣ್ಣಿನ ಮೇಲೆ ಕಾಲಿಡಲು ಅದಕ್ಕೆ ಒಂಬತ್ತು ದಿನಗಳು ಬೇಕಾದವು.

ನಾವು ಮಾಡಿದ ಮೊದಲ ತಪ್ಪನ್ನು ಮುಚ್ಚಿಡಲಾರೆವು. ಬಂದ ದಿನವೇ ಮೀಯಿಸಿದೆವು. ಓಣಿಯ ಮಕ್ಕಳೆಲ್ಲ ಸುತ್ತಲೂ ನೆರೆದರು. ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಬಾಯಿಗೆ ಹಿಡಿದೆವು. ನಾಯಿಯು ಬಾಲವನ್ನು ಹೊಟ್ಟೆಗೆ ಅವುಚಿಕೊಂಡು ನಡುಗಿತೇ ಹೊರತು ಎರಡು ದಿನ ತುತ್ತು ಮುಟ್ಟಲಿಲ್ಲ. ಪ್ರೀತಿಯನ್ನು ಹೇರಿದರೆ ಅದೂ ಒಂದು ಹೊರೆಯೆಂಬುದು ಆಗ ನಮಗೆ ತಿಳಿದಿರಲಿಲ್ಲ.

ಎರಡನೆಯ ತಪ್ಪು ದೊಡ್ಡದು. ಒಂದು ಸಂಜೆ ಮದುವೆಯ ಮೆರವಣಿಗೆ ಬೀದಿಗೆ ಬಂದಿತು. ಹಲಗೆಯ ಸದ್ದಿಗೆ ಬೆಚ್ಚಿದ ನಾಯಿಯು, ಓರೆಯಾಗಿದ್ದ ಬಾಗಿಲಿನಿಂದ ನುಸುಳಿ ತುಂಗಭದ್ರೆಯ ಕಡೆಗೆ ಓಡಿತು. ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ನಮ್ಮೂರ ಬಳಿಯಲ್ಲಿಯೇ ಇರುವುದರಿಂದ ಹೊಳೆಯಲ್ಲಿ ಹಿನ್ನೀರು ತುಂಬಿ ನಿಂತಿತ್ತು. ಹುಡುಗರು ದೀಪ ಹಿಡಿದು ಕೂಗುತ್ತ ಬೆನ್ನಟ್ಟಿದಷ್ಟೂ ಅದು ನೀರಿನ ಅಂಚಿಗೇ ಸರಿಯಿತು. ಇನ್ನೊಂದು ಹೆಜ್ಜೆಯಿಟ್ಟರೆ ಕೈಬಿಟ್ಟಂತೆಯೇ ಎಂದು ನಮ್ಮ ಎದೆ ನಡುಗಿತು. ಆಗ ಕುರಿ ಮೇಯಿಸುವ ಮುದುಕರೊಬ್ಬರು, “ಬೆನ್ನು ಹತ್ತಬ್ಯಾಡ್ರಿ. ದೀಪ ಆರಿಸಿ ಸುಮ್ಮನ ಕುಂದರ್ರಿ. ಅಂಜಿಕಿ ಇಳಿದ ಮ್ಯಾಲ ತಾನಾಗಿ ಬರ್ತೈತಿ” ಎಂದರು. ಅದು ಮಲಗುತ್ತಿದ್ದ ಕಂಬಳಿಯನ್ನು ದಂಡೆಯ ಮೇಲೆ ಹಾಸಿ, ಹೊಳೆಗೆ ಬೆನ್ನು ಮಾಡಿ ಸೋದರಿಯೊಬ್ಬಳೇ ಕುಳಿತಳು. ಉಳಿದವರೆಲ್ಲ ದೂರ ಸರಿದೆವು. ಬೆಳಗಿನ ಜಾವಕ್ಕೆ ಕಂಬಳಿಯ ತುದಿಯಲ್ಲಿ ಒದ್ದೆ ಮೈಯ ನಾಯಿ ಬಂದು ಮಲಗಿತ್ತು.

“ಇದನ್ನು ಮರಳಿ ಕಳುಹಿಸಿಬಿಡಿರಿ, ನಮ್ಮಿಂದಾಗದು” ಎಂದು ಮನೆಯ ಹಿರಿಯರು ಅಂದು ನುಡಿದರು. ಅದರಲ್ಲಿ ಕೋಪವಿರಲಿಲ್ಲ, ಮರುಕವಿತ್ತು. ಆದರೆ ತಾನಾಗಿ ಮರಳಿ ಬಂದುದನ್ನು ಹೊರಗೆ ಕಳುಹಿಸಲು ನಮಗೆ ಮನಸ್ಸೊಪ್ಪಲಿಲ್ಲ.

ಅಂದಿನಿಂದ ನಾವು ಕಲಿತುದನ್ನು ವಾಚಕರಿಗೆ ಒಪ್ಪಿಸುತ್ತೇವೆ. ನಾಯಿಯು ದೂರದೇಶದಿಂದ ಬಂದದ್ದಾಗಲಿ, ಊರ ಬೀದಿಯದೇ ಆಗಲಿ, ಅಂಜಿದ ನಾಯಿಗೆ ಮೊದಲು ಬೇಕಾದುದು ತನ್ನದೆಂಬ ಒಂದು ಮೂಲೆ. ಅಲ್ಲಿ ಮಲಗಿದಾಗ ಯಾರೂ ಮುಟ್ಟಬಾರದು. ಊಟವು ದಿನವೂ ಒಂದೇ ಹೊತ್ತಿಗೆ, ಒಂದೇ ಕಡೆ ದೊರೆಯಬೇಕು. ಕಣ್ಣಿಟ್ಟು ನೋಡದೆ, ಮೇಲಿನಿಂದ ಬಾಗದೆ, ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಬೇಕು. ತುಟಿ ನೆಕ್ಕುವುದು, ನಿದ್ರೆಯಿಲ್ಲದೆ ಆಕಳಿಸುವುದು ಅನೇಕ ವೇಳೆ ಭಯದ ಚಿಹ್ನೆಗಳು. ಆಗ ಹಿಂದೆ ಸರಿಯಬೇಕು. ಗುರುಗುಟ್ಟಿದರೆ ಹೊಡೆಯಲಾಗದು. ಅದು ಎಚ್ಚರಿಕೆಯ ಮಾತು. ಆ ಮಾತನ್ನು ಅಡಗಿಸಿದರೆ ಮುಂದೆ ಹೇಳದೆಯೇ ಕಚ್ಚೀತು. ಮೊದಲ ತಿಂಗಳುಗಳಲ್ಲಿ ಎದೆಪಟ್ಟಿಯೂ ಹಗ್ಗವೂ ಇಲ್ಲದೆ ಹೊಸ್ತಿಲು ದಾಟಿಸಬಾರದು. ಕೊರಳಲ್ಲಿ ದೂರವಾಣಿಯ ಅಂಕೆಯಿರಲಿ. ಹುಚ್ಚುನಾಯಿ ರೋಗದ ಲಸಿಕೆಯನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು. ದೀಪಾವಳಿಯ ಇರುಳಿನಲ್ಲಿ ಒಳಮನೆಯ ಕದವಿಕ್ಕಿ, ಜತೆಗೊಬ್ಬರು ಇರಬೇಕು.

ಇಷ್ಟೆಲ್ಲ ಮಾಡಿದರೂ ಫಲವು ಒಂದೆರಡು ವಾರಗಳಲ್ಲಿ ದೊರೆಯದು. ವರುಷವೇ ಹಿಡಿದೀತು, ಕೆಲವು ಭಯಗಳು ಕೊನೆಯವರೆಗೂ ಉಳಿದಾವು. ಇದಕ್ಕೆ ಸಿದ್ಧವಿಲ್ಲದವರು ಕೇವಲ ಕನಿಕರದ ಭರದಲ್ಲಿ ಇಂಥ ಜೀವವನ್ನು ತರದಿರುವುದೇ ದಯೆ.

ನಮ್ಮ ನಾಯಿ ಇಂದಿಗೂ ಹಲಗೆಯ ಸದ್ದಿಗೆ ಮಂಚದ ಕೆಳಗೆ ಸೇರುತ್ತದೆ. ಆದರೆ ಬಂದ ಏಳನೆಯ ತಿಂಗಳ ಒಂದು ಮಧ್ಯಾಹ್ನ, ಮರಳಿ ಕಳುಹಿಸಿರೆಂದ ಆ ಹಿರಿಯರು ಪಡಸಾಲೆಯಲ್ಲಿ ಒರಗಿದ್ದಾಗ, ಯಾರೂ ಕರೆಯದೆಯೇ ಬಂದು ಅವರ ಪಾದದ ಮೇಲೆ ಗದ್ದವಿಟ್ಟಿತು. ಅದರ ನಿದ್ರೆ ಕೆಡದಿರಲೆಂದು ಅವರು ಸಂಜೆಯವರೆಗೆ ಕಾಲನ್ನು ಅಲುಗಿಸಲಿಲ್ಲ.