ಕಥೆಯ ಕೆಳಗಿನ ಟಿಪ್ಪಣಿ

ಅಮೆರಿಕದ ಒಕ್ಲಹೋಮಾ ವಿಶ್ವವಿದ್ಯಾನಿಲಯದಲ್ಲಿ ಲಾರಾ ಗಿಬ್ಸ್ ಎಂಬ ಅಧ್ಯಾಪಿಕೆ 2002ರಿಂದ ಮೊದಲುಗೊಂಡು ಅನೇಕ ವರ್ಷ ಅಂತರಜಾಲದ ಮೂಲಕವೇ ನಡೆಸಿದ ಎರಡು ಪಾಠಕ್ರಮಗಳಲ್ಲಿ, ಒಂದು ಪುರಾಣ ಮತ್ತು ಜನಪದ ಕಥೆಗಳದು, ಮತ್ತೊಂದು ಭಾರತದ ಮಹಾಕಾವ್ಯಗಳದು, ವಿದ್ಯಾರ್ಥಿಗಳು ಹಳೆಯ ಕಥೆಗಳನ್ನು ತಮ್ಮ ಮಾತಿನಲ್ಲಿ ಮತ್ತೆ ಹೇಳಿ, ಅವನ್ನು ಒಂದು ಪುಟ್ಟ ಜಾಲಪುಸ್ತಕವಾಗಿ ಜೋಡಿಸಿ ಲೋಕದ ಮುಂದಿಡುವ ಪದ್ಧತಿ ನಡೆದುಬಂದಿತು. ಗಿಬ್ಸ್ ಅವರು ಈಸೋಪನ ಕಥೆಗಳನ್ನು ಗ್ರೀಕ್ ಮತ್ತು ಲ್ಯಾಟಿನ್ ಮೂಲಗಳಿಂದ ಇಂಗ್ಲಿಷಿಗೆ ತಂದವರು. ಅವರಲ್ಲಿಗೆ ಬರುತ್ತಿದ್ದ ಶಿಷ್ಯರಾದರೋ ಬಹುಮಟ್ಟಿಗೆ ಸಾಹಿತ್ಯದ ಅಭ್ಯಾಸಿಗಳಲ್ಲ, ಎಂಜಿನಿಯರಿಂಗನ್ನೋ ವಾಣಿಜ್ಯವನ್ನೋ ಓದುತ್ತ, ನಿಯಮದ ಪ್ರಕಾರ ಇಂಥದೊಂದು ವಿಷಯವನ್ನೂ ತೆಗೆದುಕೊಳ್ಳಬೇಕಾಗಿ ಬಂದವರು.

ಹೊಸಬರಿಗೆ ಮೊದಲು ಕೊಡುತ್ತಿದ್ದ ಕೆಲಸ ಬರವಣಿಗೆಯಲ್ಲ, ಓದು. ಹಿಂದಿನ ವರ್ಷದವರ ಪುಸ್ತಕಗಳನ್ನು ತೆರೆದು, ಹೆಸರು ಹಿಡಿಸಿತೆ, ಮುನ್ನುಡಿ ಒಳಕ್ಕೆ ಕರೆಯಿತೆ, ಅಕ್ಷರ ಕಣ್ಣಿಗೆ ಹಿತವೆ ಎಂದು ನೋಡಿ, ತಮಗೆ ತೋರಿದ್ದನ್ನು ತೋರಿದಂತೆ ಬರೆದಿಡಬೇಕಾಗಿತ್ತು. ಅನಂತರವೇ ತಮ್ಮ ವಿಷಯದ ಆಯ್ಕೆ, ಮುನ್ನುಡಿ, ಒಂದರ ಹಿಂದೊಂದಾಗಿ ಮೂರೋ ನಾಲ್ಕೋ ಕಥೆ; ಪ್ರತಿಯೊಂದನ್ನೂ ಸಹಪಾಠಿಗಳು ಓದಿ ಅಭಿಪ್ರಾಯ ಹೇಳುತ್ತಿದ್ದರು, ಬರೆದವರು ತಿದ್ದುತ್ತಿದ್ದರು.

ಈ ಪುಸ್ತಕಗಳನ್ನು ಮೊದಲ ಸಲ ತೆರೆದವನಿಗೆ ಬೆರಗಿನ ಜೊತೆಗೆ ಕಿಂಚಿತ್ ಕಸಿವಿಸಿಯೂ ಆಗದಿರದು. ಕಪ್ಪು ಹಿನ್ನೆಲೆಯ ಮೇಲೆ ಕಣ್ಣು ಕುಕ್ಕುವ ಬಣ್ಣದ ಅಕ್ಷರ. ಪುರಾಣದ ಪಾತ್ರಗಳು ದೂರದರ್ಶನದ ಸಂದರ್ಶನಕ್ಕೆ ಬಂದು ಕುಳಿತಿರುವುದು. ರಾಕ್ಷಸಿ ದಿನಚರಿ ಬರೆಯುವುದು. ಕಥೆಗಳನ್ನು ಪೋಣಿಸಲು ಒಂದು ಹೊರಗಥೆಯನ್ನು ಕಟ್ಟುವ ಈ ಚಾತುರ್ಯ ಬೇತಾಳನನ್ನೂ ಪಂಚತಂತ್ರವನ್ನೂ ಬಲ್ಲ ನಮಗೆ ಹೊಸದೇನಲ್ಲ. ಕಥನಗಳಲ್ಲಿ ಹಲವು ತೆಳುವಾದವು ಎಂದು ಹೇಳುವುದಕ್ಕೆ ನಾನು ಸಂಕೋಚಪಡಲಾರೆ: ವನವಾಸವೂ ಶಾಪವೂ ಅಮೆರಿಕದ ಹೈಸ್ಕೂಲಿನ ಅಂಗಳಕ್ಕೆ ಬಂದಾಗ ಅವುಗಳ ಭಾರವೆಲ್ಲ ಇಳಿದುಹೋಗುತ್ತದೆ.

ಆದರೆ ಕಥೆ ಮುಗಿದ ಮೇಲೆ ಅದರ ಕೆಳಗೆ ಲೇಖಕನ ಟಿಪ್ಪಣಿಯೊಂದು ಇರತಕ್ಕದ್ದೆಂಬ ನಿಯಮವಿದ್ದಿತು. ಮೂಲದಲ್ಲಿ ಏನಿತ್ತು, ತಾನು ಏನನ್ನು ಬದಲಿಸಿದೆ, ಏತಕ್ಕೆ ಎಂಬುದನ್ನು ಅಲ್ಲಿ ಬಿಡಿಸಿ ಹೇಳಿ, ಆಕರಗ್ರಂಥವನ್ನೂ ಚಿತ್ರ ದೊರೆತ ಸ್ಥಳವನ್ನೂ ನಮೂದಿಸಬೇಕಾಗಿತ್ತು. ಈ ಉದ್ಯಮದ ಸತ್ತ್ವವಿರುವುದು ಇಲ್ಲಿಯೇ ಎಂದು ನನ್ನ ಮತ. ಕಥೆಯಲ್ಲಿ ಎಡವಿದವನೂ ಟಿಪ್ಪಣಿಯಲ್ಲಿ ಸಾವಧಾನದಿಂದ ಹೆಜ್ಜೆಯಿಡುತ್ತಾನೆ. ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಿಸಿದ ದುರ್ಗಸಿಂಹನು ತನ್ನ ಆಕರ ವಸುಭಾಗಭಟ್ಟನ ಕೃತಿಯೆಂದು ಹೇಳಿಕೊಂಡದ್ದು ಇಂಥ ಪ್ರಾಮಾಣಿಕತೆಯೇ. ಮೈಸೂರಿನ ಆರ್. ಕೆ. ನಾರಾಯಣ್ ಅವರ 1972ರ ಇಂಗ್ಲಿಷ್ ರಾಮಾಯಣ ಆ ಮಹಾಕಾವ್ಯದ ತರಗತಿಯಲ್ಲಿ ಪಠ್ಯವಾಗಿದ್ದಿತು. ಅವರೂ ತಮ್ಮದು ಕಂಬನ ತಮಿಳು ಕಾವ್ಯದಿಂದ ಪ್ರೇರಿತವಾದದ್ದೆಂದು ಮುಖಪುಟದಲ್ಲಿಯೇ ಒಪ್ಪಿಕೊಂಡವರು.

ಆದರೂ ಈ ಟಿಪ್ಪಣಿಗಳ ವಿಷಯದಲ್ಲಿ ಒಂದು ಆಕ್ಷೇಪವಿದೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳೇ ಇಂಥ ಮರುಕಥನಕ್ಕೆ ಸುಲಭವಾಗಿ ದೊರೆಯತಕ್ಕ ಸಾಮಗ್ರಿಯಾದುದರಿಂದ, ಋಣಸ್ಮರಣೆ ಆ ಪುಸ್ತಕದ ಹೆಸರಿಗೇ ನಿಂತುಬಿಡುವ ಅಪಾಯವುಂಟು. ಜೋಸೆಫ್ ಜೇಕಬ್ಸನ 1892ರ ಭಾರತೀಯ ಕಥಾಸಂಗ್ರಹದಲ್ಲಿರುವ ಪಂಚಕಿನ್ ಎಂಬ ಮಾಂತ್ರಿಕನ ಕಥೆಯನ್ನು ನೋಡಿರಿ. ಅವನ ಪ್ರಾಣ ಅವನಲ್ಲಿಲ್ಲ; ದೂರದ ದಟ್ಟ ಕಾಡಿನ ನಡುವೆ, ನೀರು ತುಂಬಿದ ಆರು ಬಿಂದಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುವಲ್ಲಿ, ಆರನೆಯದರ ಕೆಳಗಿನ ಪಂಜರದ ಹಸಿರು ಗಿಳಿಯಲ್ಲಿದೆ. ಗಿಳಿಯ ರೆಕ್ಕೆ ಕಿತ್ತರೆ ಮಾಂತ್ರಿಕನ ತೋಳು ಉದುರುವುದು, ಕತ್ತು ಮುರಿದರೆ ಅವನ ಕತ್ತು. ಏಳು ಸಮುದ್ರದಾಚೆಯ ಗಿಳಿಯ ಕಥೆಯನ್ನು ಅಜ್ಜಿಯಿಂದ ಕೇಳಿದ ಕನ್ನಡಿಗನಿಗೆ ಇದು ನೆಂಟನ ಮುಖದಂತೆ ಪರಿಚಿತ. ಜೇಕಬ್ಸ್ ಇದನ್ನು ಎತ್ತಿಕೊಂಡದ್ದು ಮೇರಿ ಫ್ರಿಯರ್ ಎಂಬಾಕೆ 1868ರಲ್ಲಿ ಪ್ರಕಟಿಸಿದ ದಕ್ಖನದ ಕಥೆಗಳಿಂದ. ಬೊಂಬಾಯಿಯ ಗವರ್ನರನಾಗಿದ್ದ ತಂದೆಯೊಡನೆ 1865-66ರ ಚಳಿಗಾಲದಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ ಸಂಚರಿಸುತ್ತಿದ್ದಾಗ, ಬೇಸರ ಕಳೆಯಲೆಂದು ಆಕೆ ತನ್ನ ಆಯಾ ಆನ್ನಾ ಲಿಬರಾಟಾ ಡಿಸೋಜಳಿಂದ ಕಥೆ ಹೇಳಿಸಿಕೊಂಡಳು. ಆನ್ನಾಳ ಹಿರಿಯರು ಲಿಂಗಾಯತರು. ತಾತನ ಕಾಲದಲ್ಲಿ ಗೋವೆಯ ಬಳಿ ನೆಲಸಿ ಕ್ರೈಸ್ತರಾದವರು. ಕಥೆಗಳು ಅವಳಿಗೆ ಅಜ್ಜಿಯಿಂದ ಬಂದವು. ಫ್ರಿಯರ್ ಈ ವೃತ್ತಾಂತವನ್ನೆಲ್ಲ ಆನ್ನಾಳ ಬಾಯಿಂದಲೇ ಹೇಳಿಸಿ ಪುಸ್ತಕದ ಆರಂಭದಲ್ಲಿ ಅಚ್ಚುಮಾಡಿದ್ದಾಳೆ. ಆ ಕಾಲಕ್ಕೆ ಅದು ಸಾಮಾನ್ಯ ಔದಾರ್ಯವಲ್ಲ.

ಆದುದರಿಂದ ಗಿಳಿಯ ಕಥೆಯನ್ನು ಮತ್ತೆ ಹೇಳಹೊರಟ ವಿದ್ಯಾರ್ಥಿ ಜೇಕಬ್ಸನನ್ನು ಹೆಸರಿಸಿ ಕೈತೊಳೆದುಕೊಂಡರೆ ನಡುವಿನ ಇಬ್ಬರು ಹೆಂಗಸರೂ, ಅವರ ಹಿಂದಿನ ಅಜ್ಜಿಯೂ ಟಿಪ್ಪಣಿಯಿಂದ ಬಿಟ್ಟುಹೋಗುತ್ತಾರೆ. ಜೇಕಬ್ಸ್ ತನ್ನ ಪುಸ್ತಕದ ಕೊನೆಯಲ್ಲಿ ಆಕರವನ್ನು ಸೂಚಿಸಿಯೇ ಇದ್ದಾನೆ; ಫ್ರಿಯರಳ ಪುಸ್ತಕವೂ ಅಂತರಜಾಲದಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ಆ ಜಾಡನ್ನು ಹಿಡಿಯುವುದು ಒಂದು ಸಂಜೆಯ ಕೆಲಸ.