ಸಾದಾ ಮೊಬೈಲಿಗೂ ಬಂದಿತ್ತು ಇಂಟರ್‌ನೆಟ್

ಸಾಂತಾಕ್ರೂಜ್: ಉದರ ನಿಮಿತ್ತ ಮಹಾನಗರ ಸೇರಿದ ತುಳು-ಕನ್ನಡಿಗರಿಗೆ ಊರಿನ ರೈಲು ಟಿಕೆಟ್ ಎಂದರೆ ಇಂದಿಗೂ ತಲೆನೋವೇ. ನೇಮ, ಮದುವೆ, ಮಕ್ಕಳ ಮೇ ರಜೆ, ಇಲ್ಲವೇ ಅಮ್ಮನಿಗೆ ಸೌಖ್ಯವಿಲ್ಲ ಎಂಬ ದಿಢೀರ್ ಕರೆ. ಹೊರಡಲೇಬೇಕು, ಆದರೆ ಕೈಯಲ್ಲಿರುವುದು ವೇಟಿಂಗ್ ಲಿಸ್ಟ್ ಟಿಕೆಟ್. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡು ಮತ್ಸ್ಯಗಂಧ ಓಡತೊಡಗಿದ ಮೇಲೆ ದಾರಿ ಸುಗಮವಾಯಿತು. ಸೀಟಿನ ಚಿಂತೆ ಮಾತ್ರ ಹಾಗೆಯೇ ಉಳಿಯಿತು.

ಹದಿನೈದಿಪ್ಪತ್ತು ವರ್ಷಗಳ ಹಿಂದಿನ ಮಾತು. ವಾಕೋಲಾ, ಕಲೀನಾ ಪರಿಸರದ ಹೋಟೆಲುಗಳಲ್ಲಿ ದುಡಿಯುವವರಿಗೆ ಕಂಪ್ಯೂಟರ್ ದೂರದ ವಸ್ತು. ಸೈಬರ್ ಕೆಫೆಗೆ ಹೋಗೋಣವೆಂದರೆ ಡ್ಯೂಟಿ ಬಿಡುವಂತಿಲ್ಲ. ಆಗ ನೆರವಿಗೆ ಬಂದದ್ದು ಕಿಸೆಯಲ್ಲಿದ್ದ ಬಟನ್ ಮೊಬೈಲ್. ಪಿಎನ್‌ಆರ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಟಿಕೆಟಿನ ಹತ್ತು ಅಂಕಿ ಹಾಕಿ 139ಕ್ಕೆ ಎಸ್ಸೆಮ್ಮೆಸ್ ಕಳುಹಿಸಿದರೆ ಸಾಕು, ಸೀಟು ಸಿಕ್ಕಿತೋ ಇಲ್ಲವೋ ಎಂಬ ಉತ್ತರ ಬರುತ್ತಿತ್ತು. ಮೊಬೈಲಿನಲ್ಲಿ ಇಂಟರ್‌ನೆಟ್ ಬೇಕಿರಲಿಲ್ಲ. ಕರೆನ್ಸಿ ಇದ್ದರಾಯಿತು.

ಇದರ ಗುಟ್ಟು ಸರಳ. ನಾವು ಕಳುಹಿಸಿದ ಸಂದೇಶವನ್ನು ಇನ್ನೊಂದು ತುದಿಯಲ್ಲಿ ಕಂಪ್ಯೂಟರ್ ಓದುತ್ತದೆ, ನಮ್ಮ ಪರವಾಗಿ ಮಾಹಿತಿ ಹುಡುಕುತ್ತದೆ, ಚುಟುಕಾಗಿಸಿ ಮರಳಿಸುತ್ತದೆ.

ಇದೇ ಉಪಾಯವನ್ನು ಎಲ್ಲ ಬಗೆಯ ಪ್ರಶ್ನೆಗಳಿಗೂ ಬಳಸಿದವರಲ್ಲಿ ನಮ್ಮ ಗಡಿನಾಡಿನಲ್ಲಿ ಓದಿದ ಯುವಕರೂ ಇದ್ದರೆಂಬುದು ಹೆಮ್ಮೆಯ ಸಂಗತಿ. ಕಾಸರಗೋಡಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಯುತ್ತಿದ್ದ ದೀಪಕ್ ರವೀಂದ್ರನ್ ಮತ್ತು ಗೆಳೆಯರು ಇನೋಝ್ ಎಂಬ ಸಂಸ್ಥೆ ಕಟ್ಟಿದರು. ಅಹ್ಮದಾಬಾದಿನ ಐಐಎಂನಲ್ಲಿ ಅದಕ್ಕೆ ಆಸರೆ ದೊರೆಯಿತು. 55444 ಎಂಬ ಸಂಖ್ಯೆಗೆ ಪ್ರಶ್ನೆ ಕಳುಹಿಸಿದರೆ ಇಂಟರ್‌ನೆಟ್ಟಿನಿಂದ ಆಯ್ದ ಉತ್ತರ ಎಸ್ಸೆಮ್ಮೆಸ್ ರೂಪದಲ್ಲಿ ಬರುತ್ತಿತ್ತು.

ಆದರೆ ಒಂದು ಕೊರತೆ ಇತ್ತು, ಅದು ಭಾಷೆಯದು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ, ಕನ್ನಡಕ್ಕೆ ಸಾಮಾನ್ಯವಾಗಿ ಸಿಗುವುದು 70 ಮಾತ್ರ. ಅದರಲ್ಲೂ ಕೊಂಬು, ದೀರ್ಘ, ಸೊನ್ನೆ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಸಾಂತಾಕ್ರೂಜ್' ಎಂದು ಬರೆದರೆ 11 ಸ್ಥಾನ ಹೋಯಿತು! ಅನೇಕ ಹ್ಯಾಂಡ್‌ಸೆಟ್‌ಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳೇ ಕಾಣುತ್ತಿದ್ದವು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿರುವ ಕಲೀನಾದಲ್ಲೂ ಮೊಬೈಲಿಗೆ ಕನ್ನಡ ಬಾರದು! ಹೀಗಾಗಿ ಇಂಗ್ಲಿಷ್ ಅಕ್ಷರ ಬಾರದವರು "ಅಣ್ಣಾ, ಒಂದು ಮೆಸೇಜ್ ಹಾಕಿ ಕೊಡಿ" ಎಂದು ಗಲ್ಲಾದಲ್ಲಿದ್ದವರನ್ನೋ ರಾತ್ರಿಶಾಲೆಗೆ ಹೋಗುವ ಹುಡುಗರನ್ನೋ ಕೇಳಬೇಕಿತ್ತು. ಯಂತ್ರ ಕೈಯಲ್ಲಿದ್ದರೂ ಉತ್ತರ ಪಡೆಯಲು ಇನ್ನೊಬ್ಬರ ಬೆರಳು ಬೇಕಿತ್ತು.

ಕಾಲ ಬದಲಾಯಿತು. ಗೂಗಲ್ ತನ್ನ ಎಸ್ಸೆಮ್ಮೆಸ್ ಹುಡುಕಾಟವನ್ನು 2013ರಲ್ಲಿ ನಿಲ್ಲಿಸಿತು. 2016ರ ಬಳಿಕ ಡೇಟಾ ಅಗ್ಗವಾಯಿತು, ಸ್ಮಾರ್ಟ್‌ಫೋನ್ ಮನೆಮನೆಗೂ ಬಂತು, ಎಸ್ಸೆಮ್ಮೆಸ್ ಕಳುಹಿಸಿ ಮಾಹಿತಿ ಪಡೆಯುವ ರೂಢಿ ಮರೆಯಾಗುತ್ತ ಬಂತು. ಈಗ ಕನ್ನಡ ತೆರೆಯ ಮೇಲೆ ಸಲೀಸಾಗಿ ಮೂಡುತ್ತದೆ.

ಹಾಗೆಂದು ಬಟನ್ ಮೊಬೈಲ್ ಮಾಯವಾಗಿಲ್ಲ. ನಮ್ಮ ಹಿರಿಯರಲ್ಲಿ, ಹೋಟೆಲ್ ಕಾರ್ಮಿಕರಲ್ಲಿ ಅದನ್ನೇ ನೆಚ್ಚಿಕೊಂಡವರು ಈಗಲೂ ಇದ್ದಾರೆ. 139ರ ಸೇವೆ ಅವರಿಗೆ ಇಂದಿಗೂ ಲಭ್ಯ. 2020ರಿಂದ ರೈಲ್ವೆಯ ಇತರ ಸಹಾಯವಾಣಿಗಳೂ ಅದರಲ್ಲೇ ವಿಲೀನವಾಗಿವೆ. ಇಂಟರ್‌ನೆಟ್ ಇಲ್ಲದ ಮೊಬೈಲಿನಿಂದ ಹಣ ಕಳುಹಿಸಲು ರಿಸರ್ವ್ ಬ್ಯಾಂಕ್ 2022ರಲ್ಲಿ ಯುಪಿಐ 123ಪೇ ವ್ಯವಸ್ಥೆಗೂ ಚಾಲನೆ ನೀಡಿದೆ. ಸೌಲಭ್ಯವಿದೆ, ತಿಳಿಸಿಕೊಡುವವರು ಬೇಕು.

ನಮ್ಮ ಸಂಘ-ಸಂಸ್ಥೆಗಳ ಯುವ ವಿಭಾಗಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬಾರದೇಕೆ? ಯಾವ ಸಂಖ್ಯೆಗೆ ಏನು ಟೈಪ್ ಮಾಡಬೇಕೆಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಕಚೇರಿಯ ಸೂಚನಾ ಫಲಕಕ್ಕೆ ಹಚ್ಚಿದರೆ ಖರ್ಚೇನೂ ಆಗದು. ಅಮ್ಮನನ್ನು ನೋಡಲು ಹೊರಟವನಿಗೆ ಸೀಟು ಖಾತ್ರಿಯಾಯಿತೇ ಎಂದು ತಾನೇ ತಿಳಿದುಕೊಳ್ಳಲು ಸಾಧ್ಯವಾದರೆ ಅದೂ ಒಂದು ಸಮಾಜಸೇವೆಯೇ.